ಕದ್ದ ಪ್ರಬಂಧ, ಕೊಂಡ ಪ್ರಬಂಧ: ಮೂರು ಜರಡಿ ಹಿಡಿದು ನೋಡಿದೆ

ಪ್ರಾಜೆಕ್ಟ್ ರಿಪೋರ್ಟ್ ತಿದ್ದಲು ಶುರುಮಾಡಿ ಹನ್ನೊಂದು ವರ್ಷ ಆಯಿತು. ಯಾರು ಸ್ವಂತ ಬರೆದಿದ್ದಾರೆ, ಯಾರು ಕದ್ದಿದ್ದಾರೆ, ಯಾರು ದುಡ್ಡು ಕೊಟ್ಟು ಬರೆಸಿದ್ದಾರೆ ಅಂತ ಹಿಡಿಯಲು ಮೂರು ದಾರಿ ಪ್ರಯತ್ನಿಸಿದೆ. ಸಾಫ್ಟ್‌ವೇರ್‌ಗೆ ಹಾಕುವುದು, ಕ್ಲಾಸಿನಲ್ಲೇ ಕೂರಿಸಿ ಬರೆಸುವುದು, ಎದುರು ಕೂರಿಸಿ ಮಾತಾಡಿಸುವುದು.

ಸಾಫ್ಟ್‌ವೇರ್ ಎಲ್ಲಕ್ಕಿಂತ ಸುಲಭ. ಫೈಲ್ ಹಾಕಿದರೆ ಸಾಕು, ತನ್ನ ಬಳಿ ಇರುವ ಬರಹಗಳ ಜೊತೆ ಎಷ್ಟು ಪರ್ಸೆಂಟ್ ಹೋಲುತ್ತದೆ ಅಂತ ಬಣ್ಣ ಹಚ್ಚಿ ತೋರಿಸುತ್ತದೆ. ಒಂದು ವರ್ಷ ಎರಡು ರಿಪೋರ್ಟ್ ಒಟ್ಟಿಗೆ ಬಂದವು. ಒಂದರಲ್ಲಿ 31 ಪರ್ಸೆಂಟ್, ಇನ್ನೊಂದರಲ್ಲಿ 4. ನಮ್ಮ ಮಿತಿ 10. 31ರ ಹುಡುಗಿಯನ್ನು ಮತ್ತೆ ಬರೆಯಲು ಕಳಿಸಿದರು, 4ರ ಹುಡುಗ ಪಾಸಾದ. ಆಮೇಲೆ ಸುಮ್ನೆ ಕುತೂಹಲಕ್ಕೆ ಪುಟ ತಿರುವಿ ನೋಡಿದೆ. ಅವಳ 31ರಲ್ಲಿ ಮುಕ್ಕಾಲು ಪಾಲು ಉಲ್ಲೇಖಗಳ ಪಟ್ಟಿ, ಕೋಟ್ ಮಾಡಿದ ಸಾಲುಗಳು, ಎಲ್ಲರೂ ಒಂದೇ ಥರ ಬರೆಯುವ ಪ್ರಯೋಗದ ವಿವರ. ಹುಡುಗನ ರಿಪೋರ್ಟ್ ಮಾತ್ರ ತುಂಬಾ ನೀಟಾಗಿತ್ತು. ಕಾರಿಡಾರಿನಲ್ಲಿ ಸಿಕ್ಕಾಗ ಕೇಳಿದೆ, "ಸರ್ವೆಗೆ 120 ಜನರನ್ನೇ ಯಾಕೆ ತಗೊಂಡೆ?" ಅವನು ತನ್ನದೇ ರಿಪೋರ್ಟ್ ತೆಗೆದು ಹುಡುಕಲು ಶುರುಮಾಡಿದ.

ಕದ್ದದ್ದಕ್ಕೆ ಮೂಲ ಇರುತ್ತದೆ, ಎಷ್ಟು ವರ್ಷ ಆದರೂ ಸಿಗಬಹುದು. ಜರ್ಮನಿಯ ಶಿಕ್ಷಣ ಮಂತ್ರಿ ಆನೆಟ್ ಶಾವಾನ್ 1980ರಲ್ಲಿ ಬರೆದ ಪ್ರಬಂಧಕ್ಕೆ 2013ರಲ್ಲಿ ಡಾಕ್ಟರೇಟ್ ಕಳೆದುಕೊಂಡರು, ಕುರ್ಚಿಯೂ ಹೋಯಿತು. (ಪ್ರಬಂಧದ ವಿಷಯ ಆತ್ಮಸಾಕ್ಷಿ. ನಾನು ಕಟ್ಟಿದ ಕತೆ ಅಲ್ಲ.) ಆದರೆ ದುಡ್ಡು ಕೊಟ್ಟು ಹೊಸದಾಗಿ ಬರೆಸಿದ್ದಕ್ಕೆ ಹೋಲಿಸಿ ನೋಡಲು ಮೂಲವೇ ಇಲ್ಲ. 2006ರಲ್ಲಿ ಕ್ಲಾರ್ಕ್ ಮತ್ತು ಲ್ಯಾಂಕಾಸ್ಟರ್ ಅನ್ನುವ ಇಬ್ಬರು ಸಂಶೋಧಕರು ಇದನ್ನು 'ಕಾಂಟ್ರಾಕ್ಟ್ ಚೀಟಿಂಗ್' ಅಂತ ಕರೆದರು. ಇಂಗ್ಲೆಂಡಿನಲ್ಲಿ 2022ರಿಂದ ಹಾಗೆ ಬರೆದುಕೊಟ್ಟು ಮಾರುವುದೇ ಅಪರಾಧ. ಕಾನೂನು ಹಿಡಿಯುವುದು ಮಾರುವವನನ್ನು. ಕೊಂಡವನನ್ನು ಹಿಡಿಯುವ ಕೆಲಸ ಮೇಷ್ಟ್ರಿಗೇ ಉಳಿಯಿತು.

ಕ್ಲಾಸಿನಲ್ಲಿ ಕೂರಿಸಿ ಬರೆಸುವುದನ್ನು ಎರಡು ವರ್ಷ ಮಾಡಿ ಬಿಟ್ಟೆ. ಬೇರೆಯವರ ಕೈ ಸೇರುವುದಿಲ್ಲ, ನಿಜ. ಆದರೆ ಆರು ತಿಂಗಳ ಕೆಲಸವನ್ನು ಎರಡು ಗಂಟೆಯಲ್ಲಿ ಅಳೆಯುವುದು ಹೇಗೆ? ನಿಧಾನವಾಗಿ ಯೋಚಿಸುವವರಿಗೆ ಅನ್ಯಾಯ. ಪ್ರಶ್ನೆ ಮೊದಲೇ ಹೊರಬಿದ್ದರಂತೂ ಕತೆ ಮುಗಿಯಿತು.

ಇನ್ನು ವೈವಾ, ಅಂದರೆ ಎದುರು ಕೂರಿಸಿ ಮಾತಾಡಿಸುವುದು. ನನ್ನ ಓಟು ಇದಕ್ಕೇ. ಹದಿನೈದು ನಿಮಿಷ ಸಾಕು. "ಇದರಲ್ಲಿ ಯಾವ ಭಾಗ ಕೈಕೊಟ್ಟಿತು?" ಅಂತ ಕೇಳಿ. ಸ್ವಂತ ಮಾಡಿದವರ ಮುಖ ಅರಳುತ್ತದೆ, ಬೈಗುಳದ ಸಮೇತ ಹೇಳುತ್ತಾರೆ. ಕೊಂಡು ತಂದವರಿಗೆ ಎಲ್ಲವೂ ಸರಿಯಾಗಿಯೇ ಆಗಿರುತ್ತದೆ. ಆ 31ರ ಹುಡುಗಿ ಚೀಟಿಯೂ ಇಲ್ಲದೆ ಇಪ್ಪತ್ತು ನಿಮಿಷ ಮಾತಾಡಿದಳು, ಕೆಟ್ಟುಹೋದ ಮೊದಲ ಪ್ರಶ್ನಾವಳಿಯನ್ನೂ ತೋರಿಸಿದಳು.

ಖರ್ಚಾಗುವುದು ಸಮಯ. ನಲವತ್ತು ಜನಕ್ಕೆ ಹತ್ತು ಗಂಟೆ. ಅಂಜುವವರು ತೊದಲುತ್ತಾರೆ, ಮಾತುಗಾರರು ಬಚಾವಾಗುತ್ತಾರೆ. ಇದಕ್ಕಿಂತ ದೊಡ್ಡ ತೊಂದರೆ ಕೇಳುವವರ ಕಡೆಯದು. ಸಾಫ್ಟ್‌ವೇರ್‌ಗೆ ಯಾರೂ ಫೋನ್ ಮಾಡುವುದಿಲ್ಲ. ನನಗೆ ಮಾಡುತ್ತಾರೆ, "ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ". ಉತ್ತರ ಪತ್ರಿಕೆ ಇಲ್ಲವಲ್ಲ, ಮರುಮೌಲ್ಯಮಾಪನ ಯಾವುದರದ್ದು?

ಒಮ್ಮೆ ಬೇರೆ ಕಡೆ ಎರಡನೇ ಪರೀಕ್ಷಕನಾಗಿ ಹೋಗಿದ್ದೆ. ಪಕ್ಕದಲ್ಲಿದ್ದವರು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಪುಟ, ಮುಂದೇನು ಪ್ಲಾನು, ಬೈಂಡಿಂಗ್ ಎಲ್ಲಿ ಮಾಡಿಸಿದೆ. ಲಂಚ ತಿಂದಿದ್ದರು ಅಂತ ನನಗೆ ಅನಿಸಲಿಲ್ಲ. ಒಳಗಿರುವುದನ್ನು ಕೇಳಲು ಅವರಿಗೆ ಬರಲಿಲ್ಲ, ಅಷ್ಟೇ. ವೈವಾ ನಿಲ್ಲುವುದು ಕೇಳುವವನಿಗೆ ವಿಷಯ ಗೊತ್ತಿದ್ದರೆ ಮಾತ್ರ. ಡಿಗ್ರಿ ಕೊಂಡವರು ಆ ಕುರ್ಚಿಗೆ ಬಂದು ಕೂತ ದಿನ ಈ ಜರಡಿಗೂ ತೂತು ಬೀಳುತ್ತದೆ. ಆಗ ಅವರಿಗೆ ಬೇಕಾಗುವುದು ಒಂದು ನಂಬರ್. ಅದನ್ನು ಸಾಫ್ಟ್‌ವೇರ್ ಕೊಡುತ್ತದೆ.

ಈಗ ನಾನು ವೈವಾಗೆ ಒಬ್ಬನೇ ಕೂರುವುದಿಲ್ಲ. ಪ್ರಶ್ನೆ, ಉತ್ತರ ಎರಡನ್ನೂ ಒಂದು ಹಾಳೆಯಲ್ಲಿ ಗೀಚಿ ವಿದ್ಯಾರ್ಥಿಯ ಸಹಿ ಹಾಕಿಸುತ್ತೇನೆ. "ನೋಡ್ಕೊಳ್ಳಿ" ಅಂದವರಿಗೆ ಆ ಹಾಳೆ ತೋರಿಸಬಹುದು. ಸಾಫ್ಟ್‌ವೇರ್ ಬಿಟ್ಟಿಲ್ಲ, ಆದರೆ ಬಣ್ಣ ಹಚ್ಚಿದ ಜಾಗವನ್ನು ನಾನೇ ಓದುತ್ತೇನೆ.

ಆ 4 ಪರ್ಸೆಂಟಿನ ಹುಡುಗ ಈಗ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಹೋದ ತಿಂಗಳು ತನ್ನ ವಿದ್ಯಾರ್ಥಿಯ ರಿಪೋರ್ಟನ್ನು ಮೌಲ್ಯಮಾಪನಕ್ಕೆ ಕಳಿಸಿದ್ದ. ಮೇಲೆ ಪಿನ್ ಮಾಡಿದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ 3 ಪರ್ಸೆಂಟ್ ಅಂತಿತ್ತು. ವೈವಾಗೆ ದಿನ ತಿಳಿಸು ಅಂತ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.