ಫೈಫಾಕ್ಸ್ ಆಪ್ ರಿವ್ಯೂ: ಫೋನ್ ಕೆಳಗಿಟ್ಟು ಕಲಿಯೋ ಫಿಸಿಕ್ಸ್

ಹೈಸ್ಕೂಲ್ ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡೋದು ನನ್ನ ಕೆಲಸ, ಮತ್ತೆ ಎಜುಕೇಶನ್ ಆಪ್ ಅಂದ್ರೆ ನಂಗೆ ಅಲರ್ಜಿ. ಬಣ್ಣಬಣ್ಣದ ಅನಿಮೇಶನ್ ಓಡುತ್ತೆ, ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾರೆ, ಮಾರನೇ ದಿನ ಕೇಳಿದ್ರೆ ಸೊನ್ನೆ. ಹಂಗಾಗಿ ಫೈಫಾಕ್ಸ್ ಬಗ್ಗೆ ಗೊತ್ತಾದ ಮೇಲೂ ಒಂದು ತಿಂಗಳು ಇನ್‌ಸ್ಟಾಲೇ ಮಾಡಿರಲಿಲ್ಲ.

ಜರ್ಮನಿಯ ಆಖೆನ್‌ನಲ್ಲಿರೋ ಆರ್‌ಡಬ್ಲ್ಯುಟಿಎಚ್ ಯೂನಿವರ್ಸಿಟಿಯವ್ರು 2016ರಲ್ಲಿ ಬಿಟ್ಟಿರೋ ಆಪ್ ಇದು, ಫ್ರೀ, ಆಂಡ್ರಾಯ್ಡ್ ಐಫೋನ್ ಎರಡಕ್ಕೂ ಇದೆ. ಫೋನಲ್ಲಿ ಹೆಂಗೂ ಇರೋ ಮೈಕು, ಸ್ಕ್ರೀನ್ ತಿರುಗಿಸೋಕೆ ಇರೋ ಆಕ್ಸಿಲೆರೋಮೀಟರು, ದಿಕ್ಕು ತೋರ್ಸೋ ಮ್ಯಾಗ್ನೆಟೋಮೀಟರು, ಇವನ್ನೇ ಲ್ಯಾಬ್ ಸಾಮಾನು ಮಾಡ್ಕೊಳುತ್ತೆ.

ನಾವು ಮೊದಲು ಮಾಡಿದ್ದು ಶಬ್ದದ ವೇಗ. ಎರಡು ಫೋನು, 5 ಮೀಟರ್ ಅಂತರ, ಎರಡರಲ್ಲೂ ಅಕೂಸ್ಟಿಕ್ ಸ್ಟಾಪ್‌ವಾಚ್ (ಜೋರು ಶಬ್ದ ಕೇಳಿದ್ರೆ ತಾನೇ ಶುರುವಾಗಿ, ಮತ್ತೆ ಕೇಳಿದ್ರೆ ನಿಲ್ಲೋ ಸ್ಟಾಪ್‌ವಾಚ್) ಆನ್. ಈ ಕಡೆಯವನು ಚಪ್ಪಾಳೆ ಹೊಡೆದ್ರೆ ಎರಡೂ ಸ್ಟಾರ್ಟ್, ಆ ಕಡೆಯವಳು ಹೊಡೆದ್ರೆ ಎರಡೂ ಸ್ಟಾಪ್, ಎರಡರ ಟೈಮಲ್ಲಿ ಬರೋ ವ್ಯತ್ಯಾಸ ಅಂದ್ರೆ ಶಬ್ದ ಹೋಗಿ ಬರೋಕೆ, ಅಂದ್ರೆ 10 ಮೀಟರ್‌ಗೆ, ಹಿಡಿಯೋ ಟೈಮು, ಸುಮಾರು 0.029 ಸೆಕೆಂಡ್. ಮೊದಲ ಗುಂಪಿಗೆ ಬಂದಿದ್ದು ಸೆಕೆಂಡಿಗೆ 390 ಮೀಟರ್! ಪುಸ್ತಕದಲ್ಲಿ 343 ಇದೆಯಲ್ಲ ಸರ್, ಆಪ್ ಸರಿ ಇಲ್ಲ ಅಂತ ಗಲಾಟೆ. ಹೋಗಿ ನೋಡಿದ್ರೆ ಟೇಪ್ ಹಿಡಿದಿದ್ದು ಕೂತಿರೋ ಮಕ್ಕಳ ನಡುವೆ, ಫೋನು ಇಟ್ಟಿದ್ದು ಅವರ ಮುಂದೆ, ಫೋನಿಂದ ಫೋನಿಗೆ 4.4 ಮೀಟರ್ ಅಷ್ಟೇ. ಚಪ್ಪಾಳೆ ಎಷ್ಟು ಹಿಂದಿಂದ ಹೊಡೆದ್ರೂ ಪರವಾಗಿಲ್ಲ, ಅಂತರ ಮಾತ್ರ ಫೋನುಗಳ ನಡುವಿಂದೇ ಆಗ್ಬೇಕು, ಯಾಕೆ ಅಂತ ಅವರೇ ಬೋರ್ಡ್ ಮೇಲೆ ಗೆರೆ ಎಳೆದು ಜಗಳ ಆಡಿ ಕಂಡ್ಕೊಂಡ್ರು. ಆ ಅರ್ಧ ಗಂಟೆಗೇ ನಾನು ಈ ಆಪ್‌ಗೆ 5ಕ್ಕೆ 4 ಕೊಡ್ತೀನಿ.

ತಿರುಗೋ ಕುರ್ಚಿ ಅಂಚಿಗೆ ಫೋನ್ ಟೇಪ್ ಹಾಕಿ ಅಂಟಿಸಿ ತಿರುಗಿಸೋದೂ ಮಜಾ ಇದೆ. ಕೋನೀಯ ವೇಗದ (ಎಷ್ಟು ಬೇಗ ತಿರುಗ್ತಿದೆ ಅನ್ನೋದರ) ವರ್ಗದ ಎದುರು ವೇಗೋತ್ಕರ್ಷದ (ಆಕ್ಸಿಲರೇಶನ್) ಗ್ರಾಫ್ ನೇರ ಗೆರೆ ಬರುತ್ತೆ, ಆ ಗೆರೆಯ ಇಳಿಜಾರೇ ತ್ರಿಜ್ಯ, ಸ್ಕೇಲ್ ಇಟ್ಟು ಚೆಕ್ ಮಾಡ್ಬಹುದು. ಫೋನು ಗಿರಗಿರ ತಿರುಗ್ತಿದ್ರೆ ಗ್ರಾಫ್ ನೋಡೋದು ಹೆಂಗೆ ಅಂತೀರಾ, ರಿಮೋಟ್ ಆಕ್ಸೆಸ್ ಆನ್ ಮಾಡಿ ಅದೇ ವೈಫೈಯಲ್ಲಿರೋ ಲ್ಯಾಪ್‌ಟಾಪ್ ಬ್ರೌಸರಲ್ಲಿ ನೋಡಿ.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಮೊದಲ ಸಲ ತೆಗೆದಾಗ ಪ್ರಯೋಗಗಳ ಉದ್ದ ಲಿಸ್ಟ್ ನೋಡಿ ಗಾಬರಿ ಆಗುತ್ತೆ, ಮೇಷ್ಟ್ರು ಮನೇಲಿ ಒಂದು ಸಲ ಮಾಡಿ ನೋಡದೆ ಕ್ಲಾಸಿಗೆ ತಂದ್ರೆ ಮಾನ ಹೋಗುತ್ತೆ. ಕುರ್ಚಿ ಪ್ರಯೋಗಕ್ಕೆ ತಿರುಗೋ ವೇಗ ಅಳೆಯೋ ಗೈರೋಸ್ಕೋಪ್ ಬೇಕು, ಲಿಫ್ಟ್ ಎಷ್ಟು ವೇಗವಾಗಿ ಹೋಗುತ್ತೆ ಅಂತ ನೋಡೋ ಪ್ರಯೋಗಕ್ಕೆ ಗಾಳಿ ಒತ್ತಡ ಅಳೆಯೋ ಬ್ಯಾರೋಮೀಟರ್ ಬೇಕು, ಇವೆರಡೂ ಎಲ್ಲಾ ಫೋನಲ್ಲೂ ಇರಲ್ಲ (ಇದು ಆಪ್ ತಪ್ಪಲ್ಲ ಬಿಡಿ). ಸ್ಟಾಪ್‌ವಾಚ್‌ಗಂತೂ ಒಂದು ಕೆಮ್ಮು ಸಾಕು ನಿಲ್ಲೋಕೆ, ಅದಕ್ಕೆ ಥ್ರೆಶೋಲ್ಡ್ (ಎಷ್ಟು ಜೋರು ಶಬ್ದ ಆದ್ರೆ ಲೆಕ್ಕಕ್ಕೆ ತಗೋಬೇಕು ಅನ್ನೋ ಮಿತಿ) ಜಾಸ್ತಿ ಇಡಿ. ನೋಟಿಫಿಕೇಶನ್ ಬರದ ಹಾಗೆ ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕ್ಸಿ, ಇಲ್ಲಾಂದ್ರೆ ಟಿಂಗ್ ಅಂದ ಕೂಡ್ಲೆ ಅಳತೆನೂ ಹೋಯ್ತು, ಮಕ್ಕಳ ಗಮನನೂ ಹೋಯ್ತು.

ಕೊನೆಗೆ ಒಬ್ಬಳು ಕೇಳಿದ್ಲು, ಬಿಸಿಲಲ್ಲಿ ಮಾಡಿದ್ರೆ ಬೇರೆ ಉತ್ತರ ಬರುತ್ತಾ ಸರ್ ಅಂತ. ಬರುತ್ತೆ, ಆದ್ರೆ ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ಅಷ್ಟೇ, 5 ಮೀಟರ್ ಅಂತರದಲ್ಲಿ ಅದು ಕಾಣಲ್ಲ. ಅದಕ್ಕೆ ಮುಂದಿನ ವಾರ ಗ್ರೌಂಡಲ್ಲಿ 20 ಮೀಟರ್ ಇಟ್ಟು ನೋಡೋದು ಅಂತಾಗಿದೆ, ಚಪ್ಪಾಳೆ ಅಷ್ಟು ದೂರದ ಫೋನಿಗೆ ಸಾಲದೇ ಹೋಗ್ಬಹುದು, ಬಡಿಯೋಕೆ ಎರಡು ಮರದ ತುಂಡು ಹುಡುಕ್ತಿದೀವಿ.