ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಮಾಡೆಲ್ ಕಿಟ್ಟೋ, ಮೊಬೈಲೋ, ಬರೀ ಕಾಗದವೋ?

ಬಿಎಸ್ಸಿ ಮೊದಲ ವರ್ಷ, ಅಣುಗಳ ಆಕಾರ ತಲೆಗೆ ಹತ್ತುತ್ತಿಲ್ಲ, ಯಾವುದನ್ನು ನೆಚ್ಚಲಿ ಎಂದು ಕೇಳಿದ್ದೀರಿ. ಖರ್ಚಿನಲ್ಲಿ ಕಾಗದ ಅಗ್ಗ, ಮೊಬೈಲಿನಲ್ಲಾದರೆ ಅಣುಗಳನ್ನು ತಿರುಗಿಸಿ ನೋಡಲು ಮಾಲ್‌ವ್ಯೂ ಎಂಬ ತಾಣ ಬ್ರೌಸರಿನಲ್ಲೇ ಪುಕ್ಕಟೆ. ಗುಂಡು, ಕಡ್ಡಿ ಜೋಡಿಸಿ ಅಣು ಕಟ್ಟುವ ಕಿಟ್ಟಿಗೆ ದುಡ್ಡು ಬೇಕು. ರೂಮ್‌ಮೇಟ್‌ಗಳು ಸೇರಿ ಕೊಂಡರೆ ಭಾರವಲ್ಲ.

ಆದರೆ ಆಕಾರ ಅರಿಯಲು ಕಿಟ್ಟಿಗೆ ಸಾಟಿಯಿಲ್ಲ. ಒಂದು ಕಪ್ಪು ಕಾರ್ಬನ್ನಿಗೆ ನಾಲ್ಕು ಬೇರೆ ಬೇರೆ ಬಣ್ಣದ ಗುಂಡು ಸಿಕ್ಕಿಸಿ, ಪಕ್ಕದಲ್ಲೇ ಅದರ ಕನ್ನಡಿಬಿಂಬವನ್ನೂ ಕಟ್ಟಿ ನೋಡಿ. ಹೇಗೆ ತಿರುಗಿಸಿದರೂ ಎರಡೂ ಒಂದರ ಮೇಲೊಂದು ಕೂರುವುದಿಲ್ಲ. ಕೈರಾಲಿಟಿ ಅಂದರೆ ಅದೇ! ಆರು ಕಾರ್ಬನ್ನಿನ ಉಂಗುರವಾದ ಸೈಕ್ಲೋಹೆಕ್ಸೇನಿನ ಕುರ್ಚಿಯಾಕಾರ ಮಗುಚಿದಾಗ ಆಕ್ಸಿಯಲ್ (ಮೇಲೆ-ಕೆಳಗೆ ನೆಟ್ಟಗಿರುವ) ಬಂಧಗಳು ಈಕ್ವಟೋರಿಯಲ್ (ಪಕ್ಕಕ್ಕೆ ಚಾಚಿದ) ಆಗುವುದೂ ಬೆರಳಿಗೇ ಗೊತ್ತಾಗುತ್ತದೆ. ದೊಡ್ಡ ಅಣುಗಳಿಗೆ ಗುಂಡುಗಳು ಸಾಲವು, ಆಗ ಮೊಬೈಲ್ ಮೇಲು.

ರಾಸಾಯನಿಕ ಕ್ರಿಯೆಯಲ್ಲಿ ಎಲೆಕ್ಟ್ರಾನ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತೋರಿಸುವ ಬಾಣಗಳನ್ನು ಮಾತ್ರ ಕೈಯಲ್ಲೇ ಬಿಡಿಸಿ ಕಲಿಯಬೇಕು. ಪರೀಕ್ಷೆ ಹತ್ತಿರವಿದ್ದರೆ ಕಾಗದ ಹಿಡಿಯಿರಿ. ಸೆಮಿಸ್ಟರ್ ಈಗಷ್ಟೇ ಶುರುವಾಗಿದ್ದರೆ ಕಿಟ್ ತನ್ನಿ.