15 ದಿನದಾಗೆ ಲಾಳ ಕಟ್ಟೋದು ಕಲಿಸ್ತೀನಿ ಅನ್ನೋರಿಗೆ ದುಡ್ಡು ಕೊಡಬ್ಯಾಡ್ರಿ

ನಮ್ಮಜ್ಜ ಎತ್ತಿಗೆ ಲಾಳ ಕಟ್ಟೋರು. ಅದನ್ನ ನೋಡ್ಕೊಂಡೇ ಬೆಳೆದೋನು ನಾನು, ಮದುವೆ ಮೆರವಣಿಗೆ ಕುದುರೆಗೂ ಕಟ್ಟೋದು ಕಲಿತ್ರೆ ಹೊಟ್ಟೆಪಾಡಿಗಾಯ್ತು ಅಂತ ದಾವಣಗೆರೆಯಲ್ಲೇ ಒಬ್ರ ಹತ್ರ 12 ಸಾವಿರ ಕೊಟ್ಟು ಸೇರಿದೆ. ಎತ್ತನ್ನಾದ್ರೆ ಕೆಡವಿ ಕಾಲು ಕಟ್ಟಿ ಹೊಡೀತಾರೆ, ಕುದುರೆ ಹಂಗಲ್ಲ, ನಿಂತೇ ಇರುತ್ತೆ, ಅದರ ಕಾಲು ನಮ್ಮ ತೊಡೆ ಮಧ್ಯೆ.

ಒಂಬತ್ತನೇ ದಿನಕ್ಕೇ ಹರಿಹರದ ಕಡೆ ಒಂದು ಹೆಣ್ಗುದುರೆಗೆ ನನ್ನೊಬ್ಬನ್ನೇ ಕಳಿಸಿದ್ರು. ಕೈಗೆ ಕೊಟ್ಟ ರೆಡಿಮೇಡ್ ಲಾಳ ಚಿಕ್ಕದು. ಫೋನ್ ಮಾಡಿದ್ರೆ 'ಗೊರಸನ್ನೇ ಉಜ್ಜಿ ಸಣ್ಣ ಮಾಡು' ಅಂದ್ರು, ಮಾಡಿದೆ. ಅದೇ ದೊಡ್ಡ ತಪ್ಪು ಕಣ್ರೀ, ಗೊರಸಿಗೆ ತಕ್ಕಂಗೆ ಲಾಳ ಬಗ್ಗಿಸ್ಬೇಕೇ ಹೊರತು ಲಾಳಕ್ಕೆ ತಕ್ಕಂಗೆ ಗೊರಸು ಕೆತ್ತಬಾರ್ದು. ಅಂಚು ತೆಳ್ಳಗಾದ್ಮೇಲೆ ಮೊಳೆ ಹಿಡಿಯೋಕೆ ಜಾಗ ಎಲ್ಲಿರುತ್ತೆ? ಅಡಿಯಲ್ಲಿ ಬಿಳಿ ಗೆರೆ ಕಾಣುತ್ತಲ್ಲ, ಅದಕ್ಕಿಂತ ಒಳಗೆ ಹೋದ್ರೆ ಜೀವ ಇರೋ ಮಾಂಸ. ಮೊಳೆ ತುದೀಲಿ ಒಂದು ಕಡೆ ಇಳಿಜಾರು ಇರುತ್ತೆ, ಆ ಕಡೆ ಒಳಮುಖಕ್ಕಿದ್ರೆ ಮಾತ್ರ ಮೊಳೆ ಬಾಗಿ ಹೊರಗೆ ಬರುತ್ತೆ ಅನ್ನೋದನ್ನೂ ನನಗೆ ಯಾರೂ ಹೇಳಿರ್ಲಿಲ್ಲ.

ಮೂರನೇ ಮೊಳೆಗೆ ಸದ್ದು ಬದಲಾಯ್ತು. ಗಟ್ಟಿ ಗೊರಸಲ್ಲಿ ಟಣ್ ಅನ್ನೋದು ಇಲ್ಲಿ ಮೆತ್ತಗೆ ಕೇಳ್ತು, ಕುದುರೆ ಕಾಲು ಕಿತ್ಕೊಳ್ತು, ಮತ್ತೆ ಫೋನ್ ಮಾಡಿದೆ, 'ಹೊಸ ಕುದುರೆ ಹಂಗೇ ಮಾಡ್ತಾವೆ, ಹೊಡಿ' ಅಂದ್ರು, ಹೊಡೆದೆ. ಮೂರು ದಿನಕ್ಕೆ ಆ ಕಾಲು ನೆಲಕ್ಕೂರ್ತಿರ್ಲಿಲ್ಲ. ಡಾಕ್ಟ್ರು ಬಂದು ಲಾಳ ಕಿತ್ತಾಗ ಮೊಳೆ ತೂತಿಂದ ಕೀವು ಬಂತು. ಕುದುರೆಗೆ ಧನುರ್ವಾಯು ಬೇಗ ಹತ್ತುತ್ತೆ ಅಂತ ಮೊದ್ಲು ಅದರ ಇಂಜೆಕ್ಷನ್ ಹಾಕಿದ್ರು. ಯಜಮಾನರು ಬೈಲೇ ಇಲ್ಲ, 'ತಮ್ಮಾ, ಅದಕ್ಕೆ ಬಾಯಿ ಇಲ್ಲ, ಕಾಲು ಎಳೆದು ಹೇಳ್ತಲ್ಲೋ' ಅಂದ್ರು. ಆ ಮಾತು ಇವತ್ತಿಗೂ ನಿದ್ದೆ ಮಾಡೋಕೆ ಬಿಡಲ್ಲ ನನ್ನ.

ದುಡ್ಡು ವಾಪಸ್ ಕೇಳಿದ್ರೆ ಫೋನ್ ಎತ್ತಲ್ಲ, ಆದ್ರೆ ಹೊಸ ಹುಡುಗ್ರನ್ನ ಸೇರಿಸ್ಕೊಳ್ತಾ ಇದಾರೆ. ಅದಕ್ಕೇ ಬರೀತಿದೀನಿ. ಸೇರೋ ಮುಂಚೆ ಕೇಳ್ರಿ, ಹಳೇ ಲಾಳ ಬಿಚ್ಚೋದು, ಗೊರಸು ಕೊರೆಯೋದು ಎಷ್ಟು ತಿಂಗಳು ಮಾಡಿಸ್ತೀರಿ, ಸತ್ತ ಕುದುರೆ ಕಾಲಿನ ಮೇಲೆ ಮೊಳೆ ಹೊಡೆಸ್ತೀರಾ, ಮೊದಮೊದ್ಲು ಪಕ್ಕದಲ್ಲೇ ನಿಂತಿರ್ತೀರಾ ಅಂತ. ಬೇಜಾರು ಮಾಡ್ಕೊಂಡ್ರೆ ಎದ್ದು ಬನ್ನಿ.

ನಾನು ವಾರಕ್ಕೊಮ್ಮೆ ಆ ಕುದುರೆ ನೋಡ್ಕೊಂಡು ಬರ್ತೀನಿ. ಗೊರಸು ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಬೆಳೆಯುತ್ತೆ, ನಾನು ಹೊಡೆದ ತೂತು ಇನ್ನೂ ಕೆಳಗಿಳಿದಿಲ್ಲ.